ಏನೂ ಬೇಡದ ಗಾಡಿ

ಕಣ್ಣು ಬಿಟ್ಟಾಗ ಮೇಲಿನ ಫ್ಯಾನು ನಿಂತಿತ್ತು. ತಿರುಗುತ್ತಿದ್ದದ್ದು ಛಾವಣಿ.

ಕಣ್ಣು ಮುಚ್ಚಿದೆ. ಮುಚ್ಚಿದರೆ ಮಂಚ ತಿರುಗಿತು. ಮಂಚದ ಕಬ್ಬಿಣದ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಬಾಯಿಗೆ ಹುಳಿನೀರು ಬಂತು. ಯಾರೋ ತಟ್ಟೆ ಹಿಡಿದರು. ವಾಂತಿಯಾಯಿತು.

"ಕಣ್ಣ ಒಂದ ಕಡೆ ಇಡ್ರಿ ಅಕ್ಕಾರ" ಎಂದಳು ನರ್ಸ್.

"ಎಲ್ಲಿ ಇಡ್ಲಿ ತಂಗಿ, ಎಲ್ಲಾ ಓಡಾಕತ್ತದ" ಎಂದೆ.

ರಾಯಚೂರಿನ ಆಸ್ಪತ್ರೆಯಲ್ಲಿ ನಾನಾಡಿದ ಮೊದಲ ಮಾತು ಅದೇ ಅಂತೆ. ನಮ್ಮ ಮನೆಯವರು ಬಾಗಿಲ ಹತ್ತಿರ ನಿಂತಿದ್ದರು. ಮಾತು ಬಂತಲ್ಲ ಅಂತ ಗೋಡೆಯ ಕಡೆ ತಿರುಗಿ ಅತ್ತರಂತೆ. ಇವತ್ತಿಗೂ ಅವರು ಅದನ್ನು ಒಪ್ಪುವುದಿಲ್ಲ. ಕಣ್ಣಿಗೆ ಧೂಳು ಬಿದ್ದಿತ್ತು ಅನ್ನುತ್ತಾರೆ. ಆಸ್ಪತ್ರೆಯ ಮೂರನೇ ಅಂತಸ್ತಿನಲ್ಲಿ ಎಂಥ ಧೂಳೋ!

ನಾನು ಮಾಳಮ್ಮ. ಕಲ್ಲೂರಿನಲ್ಲಿ ಜೋಳದ ಖಡಕ್ ರೊಟ್ಟಿ ಮಾಡಿ ಮಾರುತ್ತೇನೆ. ನಮ್ಮ ಓಣಿಯ ರೆಹಮತ್‌ಬಿ ನನ್ನ ಜೊತೆಗಾರ್ತಿ. ನಾನು ಬಡಿಯುತ್ತೇನೆ, ಅವಳು ಬೇಯಿಸುತ್ತಾಳೆ. ಹೆದ್ದಾರಿಯ ಧಾಬಾಗಳಿಗೆ, ಖಾನಾವಳಿಗಳಿಗೆ ರೊಟ್ಟಿ ಮುಟ್ಟಿಸುವುದೂ ನನ್ನದೇ ಕೆಲಸ. ಮೊದಲು ಆಟೋದವರ ಕೈಯಲ್ಲಿ ಕಳಿಸುತ್ತಿದ್ದೆವು. ಅವರು ರೊಟ್ಟಿಬುಟ್ಟಿಯ ಮೇಲೆ ಗೊಬ್ಬರದ ಚೀಲ ಹೇರಿಕೊಂಡು ಹೋಗುತ್ತಿದ್ದರು. ಧಾಬಾದವನು ಫೋನ್ ಮಾಡಿ, "ಅಕ್ಕಾ, ರೊಟ್ಟಿ ಕಳಿಸಂದ್ರ ನುಚ್ಚು ಕಳಿಸೀಯಲ್ಲ" ಎಂದು ಆಡಿಕೊಳ್ಳುತ್ತಿದ್ದ. ಅದಕ್ಕೇ ಬ್ಯಾಟರಿ ಗಾಡಿ ತಗೊಂಡದ್ದು.

ಮಾರಿದವನು ಬೆರಳು ಮಡಚಿ ಹೇಳಿದ್ದ: "ಲೈಸನ್ಸ್ ಬ್ಯಾಡ, ನಂಬರ್ ಬ್ಯಾಡ, ಇನ್ಸೂರೆನ್ಸ್ ಬ್ಯಾಡ, ಹೆಲ್ಮೆಟ್ಟೂ ಬ್ಯಾಡ. ತಾಸಿಗೆ ಇಪ್ಪತ್ತೈದರ ಮ್ಯಾಲ ಓಡಂಗಿಲ್ಲ ಯವ್ವಾ. ಕಾಯ್ದೆ ಇದನ್ನ ಗಾಡಿ ಅಂತ ಲೆಕ್ಕಕ್ಕೇ ತಗೊಳಂಗಿಲ್ಲ."

ಅವನು ಸುಳ್ಳು ಹೇಳಿರಲಿಲ್ಲ. ಮೋಟರು ಅಷ್ಟು ಸಣ್ಣದಿದ್ದು, ಓಟ ಅಷ್ಟಕ್ಕೇ ನಿಲ್ಲುವುದಾದರೆ ಅದು ಕಾಯ್ದೆಯ ಕಣ್ಣಿನಲ್ಲಿ ಮೋಟಾರು ವಾಹನವೇ ಅಲ್ಲ. ನಮ್ಮೂರಲ್ಲಿ ಅದಕ್ಕೆ 'ಏನೂ ಬ್ಯಾಡದ ಗಾಡಿ' ಎಂದೇ ಹೆಸರು ಬಿದ್ದಿದೆ. ಟೀಚರಮ್ಮನವರು ಓಡಿಸುತ್ತಾರೆ, ಹೈಸ್ಕೂಲಿನ ಹುಡುಗಿಯರು ಓಡಿಸುತ್ತಾರೆ, ನಾನೂ ಓಡಿಸಿದೆ. ನಲವತ್ತೈದು ದಾಟಿದ ಮೇಲೆ, ಹುಟ್ಟಿದಾರಭ್ಯ ಮೊದಲ ಸಲ, ಯಾರ ಬೆನ್ನ ಹಿಂದೆಯೂ ಕೂರದೆ ರಸ್ತೆಗೆ ಬಂದಿದ್ದೆ. ಎದುರಿಗೆ ಯಾರ ಬೆನ್ನೂ ಇಲ್ಲದಿದ್ದರೆ ರಸ್ತೆ ಎಷ್ಟು ಅಗಲ ಕಾಣುತ್ತದೆ ಅನ್ನುವುದನ್ನು ಗಂಡಸರಿಗೆ ಹೇಳಿ ತಿಳಿಸುವುದು ಕಷ್ಟ.

ಆವತ್ತು ಧಾಬಾಗಳಿಗೆ ರೊಟ್ಟಿ ಕೊಟ್ಟು ಖಾಲಿ ಬುಟ್ಟಿ ಕಟ್ಟಿಕೊಂಡು ವಾಪಸು ಬರುತ್ತಿದ್ದೆ. ಕಲ್ಲೂರಿನ ಈಚೆ ಕುರಿಹಿಂಡು ಸಿಕ್ಕಿತು. ದೇವದುರ್ಗದ ಕಡೆಯವರು, ಗದ್ದೆಗಳಲ್ಲಿ ಕುರಿ ತರುಬಿ ಗೊಬ್ಬರಕ್ಕೆ ನಿಲ್ಲಿಸಲು ಬಂದವರು. ರಸ್ತೆಯ ಆಚೆ ಅಂಚಿನಿಂದ ಈಚೆ ಅಂಚಿನವರೆಗೆ ಉಣ್ಣೆಯೇ ಉಣ್ಣೆ.

ಇಲ್ಲಿ ಒಂದು ಮಾತು ಹೇಳಬೇಕು. ನಾನು ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದವಳು. ಕುರ್ಡಿ ನನ್ನ ತವರು. ಲಂಗ ಹಾಕುವ ವಯಸ್ಸಿನಲ್ಲೇ ಅಪ್ಪನ ಹಿಂದೆ ಹಿಂಡಿನ ಜೊತೆ ನಡೆದವಳು. ನಮ್ಮವರಲ್ಲಿ ಒಂದು ಪದ್ಧತಿ ಇದೆ, ಯಾರೂ ಬರೆದಿಟ್ಟದ್ದಲ್ಲ. ಹಿಂಡಿಗೆ ಹಾರ್ನ್ ಹೊಡೆಯಬಾರದು. ಗಬ್ಬದ ಕುರಿ ಬೆದರಿದರೆ ಮರಿ ಹೋಗುತ್ತದೆ. ಸುಮ್ಮನೆ ನಿಧಾನಕ್ಕೆ ಹಿಂದಿನಿಂದ ಹೋಗಬೇಕು. ಗಾಡಿಯ ಗುಡುಗುಡು ಕೇಳಿ ಮುಂದಿನ ಟಗರು ಪಕ್ಕಕ್ಕೆ ಸರಿಯುತ್ತದೆ, ಮಿಕ್ಕವು ಅದರ ಹಿಂದೆ. ದಾರಿ ತಾನೇ ಬಿಚ್ಚಿಕೊಳ್ಳುತ್ತದೆ. ಪೋಂ ಎಂದು ಹೊಡೆಯುವ ಲಾರಿಯವರನ್ನು ಅಪ್ಪ ಬೈಯುತ್ತಿದ್ದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ನಾನೂ ಹಾರ್ನ್ ಹೊಡೆಯಲಿಲ್ಲ. ನಿಧಾನಕ್ಕೆ ಹೋದೆ. ದಾರಿ ಬಿಚ್ಚಿಕೊಳ್ಳಲಿ ಎಂದು ಕಾದೆ.

ನನ್ನ ಗಾಡಿಗೆ ಗುಡುಗುಡು ಇರಲಿಲ್ಲ.

ಹಿಂಡಿಗೆ ನಾನು ಬಂದದ್ದೇ ಗೊತ್ತಾಗಲಿಲ್ಲ. ಕೊನೆಯ ಕುರಿಯ ಹಿಂಗಾಲಿಗೆ ಚಕ್ರ ತಾಗಿತು. ಅದು ಮೇಲಕ್ಕೆ ನೆಗೆಯಿತು, ಅದರ ಜೊತೆಯವು ಹಿಂದಕ್ಕೆ ತಿರುಗಿ ನನ್ನ ಮೇಲೇ ನುಗ್ಗಿದವು. ಹ್ಯಾಂಡಲ್ ತಿರುಚಿತು. ಬಲಗಡೆ ಬಿದ್ದೆ. ರಸ್ತೆಯ ಅಂಚಿನ ಕಲ್ಲು ಬಲಗಿವಿಯ ಹಿಂದೆ ಬಡಿಯಿತು. ಕುರಿಯವನು ಕೋಲು ಬಿಸಾಡಿ ಓಡಿ ಬಂದದ್ದು ನೆನಪಿದೆ. "ಯವ್ವಾ, ಒಂದೀಟು ಸಪ್ಪಳ ಮಾಡಬಾರ್ದಿತ್ತಾ?" ಅಂದ. ಎಷ್ಟು ಪ್ರೀತಿಯಿಂದ ಬೈದ ಅಂದರೆ, ಅಪ್ಪನೇ ಬಂದನೇನೋ ಅನ್ನಿಸಿತು. ಅವನೇ ತನ್ನ ಕಂಬಳಿಯಲ್ಲಿ ನನ್ನನ್ನು ಎತ್ತಿ ಟೆಂಪೋಕ್ಕೆ ಹಾಕಿದನಂತೆ. ಕುರಿಗೆ ಏನೂ ಆಗಲಿಲ್ಲ. ಅದನ್ನೂ ಅವನೇ ಫೋನ್ ಮಾಡಿ ತಿಳಿಸಿದ.

ಎರಡನೇ ದಿನ ವಾರ್ಡಿಗೆ ಪೊಲೀಸ್ ಪೇದೆ ಬಂದರು. ಅಪಘಾತ ಅಂದರೆ ಆಸ್ಪತ್ರೆಯವರು ಠಾಣೆಗೆ ತಿಳಿಸಲೇಬೇಕಂತೆ. ಪಾಪ, ಒಳ್ಳೆಯ ಮನುಷ್ಯ. ಸ್ಟೂಲು ಎಳೆದುಕೊಂಡು ಕೂತರು.

"ಗಾಡಿ ನಂಬರ್ ಏನ್ರಿ?"

"ಇಲ್ರಿ" ಎಂದರು ನಮ್ಮ ಮನೆಯವರು.

"ಲೈಸನ್ಸ್?"

"ಇಲ್ರಿ."

"ಇನ್ಸೂರೆನ್ಸ್?"

"ಅದೂ ಬ್ಯಾಡ ಅಂದಿದ್ರು."

ಪೇದೆ ಪೆನ್ನಿನಿಂದ ತಲೆ ಕೆರೆದುಕೊಂಡರು. "ಹಂಗಾದ್ರ ಏನಂತ ಬರೀಲಿ ಇದನ್ನ?"

ರೆಹಮತ್‌ಬಿ ಕಾಲ ಹತ್ತಿರ ಕೂತು ನನ್ನ ಪಾದ ತಿಕ್ಕುತ್ತಿದ್ದಳು. "ಸೈಕಲ್ ಅಂತ ಬರ್ಕೊಳ್ರಿ ಸಾಬ್" ಎಂದಳು. ಪೇದೆಗೂ ಅದೇ ಸರಿ ಕಂಡಿತು. ಇಬ್ಬರೂ ನಕ್ಕರು.

ನನಗೆ ನಗು ಬರಲಿಲ್ಲ. ನನ್ನ ತಲೆಬುರುಡೆ ಸೀಳಿತ್ತು. ಕಣ್ಣು ಬಿಟ್ಟರೆ ಮೂರು ಲೋಕವೂ ಗಿರಗಿರ ತಿರುಗುತ್ತಿದ್ದವು. ಇಷ್ಟೆಲ್ಲ ಆದದ್ದು ಸೈಕಲ್ಲಿನಿಂದ ಬಿದ್ದು ಅಂತ ಬರೆದುಕೊಳ್ಳಬೇಕೆ? "ಸೈಕಲ್ಲಲ್ರಿ ಅದು. ನಾ ದಿನಾ ಹೈವೇದಾಗ ಓಡಸ್ತೀನಿ" ಎಂದೆ. ತಲೆ ಎತ್ತಿ ಹೇಳಲು ಹೋಗಿ ಮತ್ತೆ ವಾಂತಿಯಾಯಿತು.

ಡಾಕ್ಟರಮ್ಮ ಬಂದು ಸಿ.ಟಿ. ಸ್ಕ್ಯಾನ್ ತೋರಿಸಿ ಬಿಡಿಸಿ ಹೇಳಿದರು. ಬಲಗಿವಿಯ ಹಿಂದಿನ ಎಲುಬು ಕೂದಲೆಳೆಯಷ್ಟು ಸೀಳಿದೆ. ಒಳಗೆ ಒಸರಿದ ರಕ್ತ ಸ್ವಲ್ಪವೇ, ಆಪರೇಷನ್ ಬೇಕಿಲ್ಲ. ಆದರೆ ಕಿವಿಯ ಆಳದಲ್ಲಿ ನಮ್ಮನ್ನು ನೆಟ್ಟಗೆ ನಿಲ್ಲಿಸುವ ಒಂದು ಅಂಗ ಇರುತ್ತದಂತೆ, ಅದಕ್ಕೆ ಪೆಟ್ಟಾಗಿದೆ. ತಿರುಗುವುದಕ್ಕೆ ವರ್ಟಿಗೋ ಅಂತ ಹೆಸರು.

"ಹೋಗ್ತದೇನ್ರಿ?"

"ಬಹಳಷ್ಟು ಹೋಗ್ತದ. ಪೂರಾ ಹೋಗ್ತದ ಅಂತ ಮಾತು ಕೊಡಂಗಿಲ್ಲ." ಆಮೇಲೆ ಕನ್ನಡಕ ತೆಗೆದು, "ಹೆಲ್ಮೆಟ್ ಯಾಕ ಇರಲಿಲ್ಲ?" ಎಂದರು.

"ಈ ಗಾಡಿಗೆ ಬೇಕಿಲ್ಲಂತ್ರಿ. ಕಾಯ್ದೆದಾಗ ಇಲ್ಲ."

"ಗಾಡಿಗೆ ಬೇಕಿಲ್ಲ, ಖರೆ. ತಲಿಗೆ ಬೇಕಲ್ಲ?"

ಮನೆಗೆ ಬಂದೆ. ಬಂದದ್ದು ನಾನಲ್ಲ, ಗೋಡೆ ಹಿಡಿದು ನಡೆಯುವ ಒಂದು ಮುದುಕಿ. ಮಗ್ಗುಲು ಬದಲಿಸಿದರೆ ಮನೆ ತಿರುಗುತ್ತಿತ್ತು. ಜಳಕಕ್ಕೆ ಕೂತು ತಲೆ ಬಗ್ಗಿಸಿದರೆ ಬಚ್ಚಲು ಮೇಲಕ್ಕೆ ಬರುತ್ತಿತ್ತು. ಹಿಟ್ಟು ನಾದಲು ಕೂತರೆ ಕೊಣಮಿಗೆಯಲ್ಲಿರುವುದು ಹಿಟ್ಟೋ ಹೊಳೆಯ ಸುಳಿಯೋ ತಿಳಿಯುತ್ತಿರಲಿಲ್ಲ. ಒಂದು ಬೆಳಿಗ್ಗೆ ಹಟ ಮಾಡಿ ರೊಟ್ಟಿ ಬಡಿಯಲು ಕೂತೆ. ರೊಟ್ಟಿ ದುಂಡಗೆ ಬರುವ ಮೊದಲೇ ನಾನು ದುಂಡಗೆ ತಿರುಗಿ ರೆಹಮತ್‌ಬಿಯ ತೊಡೆಯ ಮೇಲೆ ಬಿದ್ದೆ. "ನಕ್ಕೋ ಮಾಳಮ್ಮಾ, ನಕ್ಕೋ, ಬ್ಯಾಡ" ಎಂದು ಅವಳು ಹಿಟ್ಟಿನ ಕೈಯಿಂದಲೇ ನನ್ನ ಮುಖ ಒರೆಸಿದಳು. ಆಮೇಲೆ ಬಡಿಯುವುದನ್ನೂ ಬೇಯಿಸುವುದನ್ನೂ ಅವಳೇ ಮಾಡಿದಳು. ರೊಟ್ಟಿ ಮತ್ತೆ ಆಟೋದಲ್ಲಿ ಹೋಗತೊಡಗಿತು.

ನೋಡಲು ಬಂದವರೆಲ್ಲ ಬಿಸ್ಕೀಟು ತಂದರು, ಬುದ್ಧಿಮಾತನ್ನೂ ತಂದರು. ಬಿಸ್ಕೀಟು ತಿಂದೆ.

"ಹೆಣ್ಮಕ್ಕಳಿಗೆ ಯಾಕ ಬೇಕವ್ವಾ ಈ ಉಸಾಬರಿ?" ಎಂದಳು ಒಬ್ಬ ದೂರದ ಅತ್ತಿಗೆ. ಅವಳ ಮಗ ಬೈಕಿನಿಂದ ಬಿದ್ದು ಕೈ ಮುರಿದುಕೊಂಡದ್ದು ನನಗೆ ಗೊತ್ತಿತ್ತು.

"ನಿನ್ನ ಮಗ ಬಿದ್ದಾಗ ಗಂಡಸರಿಗೆ ಯಾಕ ಬೇಕು ಅಂತ ಕೇಳಿದ್ಯಾ ಅತ್ಗೀ?"

ಅತ್ತಿಗೆ ಚಹಾ ಅರ್ಧಕ್ಕೆ ಬಿಟ್ಟು ಎದ್ದಳು. ನಮ್ಮ ಮನೆಯವರಿಗೆ ಸಿಟ್ಟು ಬಂತು. ಅವರು ಅಕ್ಕಿ ಗಿರಣಿಯಲ್ಲಿ ದುಡಿಯುವವರು, ಮಾತು ಕಡಿಮೆ. ಆವತ್ತು ಮಾತು ಬಂತು.

"ಗಾಡಿ ಕೊಟ್ಟುಬಿಡೂಣು. ಯಾರಾರ ತಗೊಂಡು ಹೋಗ್ಲಿ."

"ಕೊಡೂಣು" ಎಂದೆ.

ಇಷ್ಟು ಬೇಗ ಒಪ್ಪುತ್ತೇನೆಂದು ಅವರು ಎಣಿಸಿರಲಿಲ್ಲ.

"ಅದನ್ನ ಕೊಟ್ಟು ನಂಬರಿರೋ ಗಾಡಿ ತಗೊಳ್ಳೂಣು. ನಾ ಲೈಸನ್ಸ್ ಮಾಡಸ್ತೀನಿ."

ಅವರು ನನ್ನ ಹಣೆ ಮುಟ್ಟಿ ನೋಡಿದರು. "ಜ್ವರ ಇಲ್ಲ" ಎಂದರು. "ಇಪ್ಪತ್ತೈದರ ಗಾಡಿ ಕೆಡವಿದ್ದು ಸಾಲಲಿಲ್ಲೇನು? ಅದಕ್ಕಿಂತ ಜೋರಿಂದು ಬೇಕಾ?"

"ಜೋರು ಬ್ಯಾಡ. ನನ್ನ ಕೇಳೋರು ಬೇಕು" ಎಂದೆ. ಮಲಗಿ ಮಲಗಿ ಅದನ್ನೇ ಯೋಚಿಸಿದ್ದೆ. ಆ ಗಾಡಿಯ ಮೇಲೆ ನನ್ನನ್ನು ರಸ್ತೆಗೆ ಬಿಡುವಾಗ ಒಬ್ಬರೂ ಏನೂ ಕೇಳಿರಲಿಲ್ಲ. ನಿನಗೆ ಕಣ್ಣು ಕಾಣುತ್ತದೆಯೇ, ತಿರುಗುವಾಗ ಹಿಂದೆ ನೋಡುತ್ತೀಯೇ, ಸಪ್ಪಳವಿಲ್ಲದ ಗಾಡಿ ಎಂದರೆ ಏನು ಅಂತ ಗೊತ್ತೇ? ಹೆಂಗಸರಿಗೆ, ಹುಡುಗಿಯರಿಗೆ, ಮುದುಕರಿಗೆ ಏನೂ ಬೇಡದ ಗಾಡಿ. ಅಂದರೆ ನಮ್ಮಿಂದ ಏನೂ ಬೇಡ. ನಾವು ಲೆಕ್ಕಕ್ಕಿಲ್ಲ. ಬಿದ್ದರೆ ಸೈಕಲ್ ಎಂದು ಬರೆದುಕೊಂಡರಾಯಿತು. ಕಾಯ್ದೆಯೆಂದರೆ ಕಾಟ ಅಂತ ಎಲ್ಲರೂ ಗೊಣಗುತ್ತಾರೆ, ನಾನೂ ಗೊಣಗಿದವಳೇ. ಮಂಚದ ಕಂಬಿ ಹಿಡಿದು ಮಲಗಿದಾಗ ಮಾತ್ರ, ಕಾಯ್ದೆ ಯಾರನ್ನು ತಡೆದು ನಿಲ್ಲಿಸಿ ಕೇಳುತ್ತದೋ ಅವರನ್ನೇ ಅದು ಮನುಷ್ಯರೆಂದು ಎಣಿಸಿದೆ ಅಂತ ಅನ್ನಿಸಿತು.

ವಿಚಾರಿಸಿದರೆ ಒಂದು ತೊಡಕು. ನಲವತ್ತು ದಾಟಿದವರು ಲೈಸನ್ಸಿಗೆ ಅರ್ಜಿ ಹಾಕಬೇಕಾದರೆ ಡಾಕ್ಟರರ ಸರ್ಟಿಫಿಕೇಟು ಬೇಕು. ರಾಯಚೂರಿಗೆ ಹೋದೆವು. ಡಾಕ್ಟರಮ್ಮ ನಕ್ಕರು, ಖುಷಿಪಟ್ಟರು. "ಚಪ್ಪಲಿ ತೆಗೀರಿ. ಪಾದ ಎರಡೂ ಕೂಡಸ್ರಿ. ಈಗ ಕಣ್ಣ ಮುಚ್ಚಿ ನಿಂದರ್ರಿ."

ನಿಂತೆ.

ಬಿದ್ದೆ.

ಬಿದ್ದೆ ಅಂದರೆ ನೆಲಕ್ಕಲ್ಲ, ಡಾಕ್ಟರಮ್ಮನ ತೋಳಿಗೆ. ಅವರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಪೆನ್ನಿನ ಮುಚ್ಚಳ ಹಾಕಿದರು. "ಈಗ ನಾ ಸಹಿ ಮಾಡಿದ್ರ ನಿಮಗ ನಾನೇ ದುಶ್ಮನ್ ಆಗ್ತೀನಿ. ವ್ಯಾಯಾಮ ಕೊಡ್ತೀನಿ, ಮಾಡ್ಕೊಂಡು ಬರ್ರಿ."

ಬಸ್ಸಿನಲ್ಲಿ ವಾಪಸು ಬರುವಾಗ ಸೆರಗು ಬಾಯಿಗಿಟ್ಟುಕೊಂಡು ಕಿಟಕಿಯ ಆಚೆ ನೋಡುತ್ತ ಕೂತೆ. ನಮ್ಮ ಮನೆಯವರಿಗೆ ಅದನ್ನು ನೋಡಲಾಗಲಿಲ್ಲ ಅಂತ ಕಾಣುತ್ತದೆ. ಮನೆ ಮುಟ್ಟಿದ ಮೇಲೆ ಹಳೆಯ ಗಾಡಿಯ ಚಾವಿ ತಂದು ನನ್ನ ಉಡಿಯಲ್ಲಿ ಹಾಕಿದರು. ಗಾಡಿ ಇನ್ನೂ ಅಂಗಳದಲ್ಲೇ ಇತ್ತು.

"ಇದಕ್ಕ ಯಾರ ಸಹೀನೂ ಬೇಕಿಲ್ಲಲ್ಲ. ಊರಾಗ ಓಣ್ಯಾಗ ಓಡ್ಸು. ಅಳಬ್ಯಾಡ."

ಮಾರಬೇಕು ಎಂದವರೇ ಚಾವಿ ಕೊಟ್ಟಿದ್ದರು. ಎಂಥ ಗಂಡಸು ನೋಡಿ. ನಾನು ಅಂಗಳಕ್ಕೆ ಇಳಿದೆ. ಗಾಡಿಯ ಮೇಲೆ ಕೂತೆ. ಚಾವಿ ತಿರುಗಿಸಿದೆ. ಹಸಿರು ದೀಪ ಹತ್ತಿತು. ಓಣಿ ಖಾಲಿ ಇತ್ತು. ಹಿಡಿಕೆ ಒಂದಿಷ್ಟು ತಿರುವಿದರೆ ಸಾಕು, ಹೋಗಿಬಿಡಬಹುದಿತ್ತು. ಹೊರಡುವ ಮುಂಚೆ ಹಿಂದೆ ಯಾರಾದರೂ ಬರುತ್ತಿದ್ದಾರಾ ಅಂತ ಬಲಕ್ಕೆ ತಲೆ ತಿರುಗಿಸಿದೆ.

ಓಣಿ ಬುಗುರಿಯಾಯಿತು.

ಎರಡೂ ಕಾಲು ಊರಿ, ಹ್ಯಾಂಡಲ್ ಮೇಲೆ ಹಣೆ ಇಟ್ಟು ಕಾದೆ. ತಿರುಗುವುದು ನಿಂತ ಮೇಲೆ ಚಾವಿ ತೆಗೆದೆ. ಹೊರಟುಬಿಟ್ಟಿದ್ದರೆ ಯಾವ ಪೊಲೀಸನೂ ತಡೆಯುತ್ತಿರಲಿಲ್ಲ. ಯಾವ ಕಾಯ್ದೆಯೂ ಮುರಿಯುತ್ತಿರಲಿಲ್ಲ. ಓಣಿಯ ತುದಿಯಲ್ಲಿ ಯಾರದೋ ಕೂಸು ಆಡುತ್ತಿದ್ದರೂ ಕಾಯ್ದೆಗೆ ಅದರ ಸುದ್ದಿ ಇರುತ್ತಿರಲಿಲ್ಲ. ಚಾವಿಯನ್ನು ವಾಪಸು ಅವರ ಕೈಗೆ ಕೊಟ್ಟೆ. "ಸಹಿ ಮಾಡಿಸ್ಕೊಂಡೇ ಹತ್ತತೀನಿ. ಇವತ್ತೇ ಇದನ್ನ ಯಾರಿಗಾರ ಕೊಟ್ಟುಬಿಡ್ರಿ" ಎಂದೆ. ಕೊಡುವಾಗ ತಗೊಂಡವರಿಗೆ ಹೆಲ್ಮೆಟ್ಟಿನ ಮಾತನ್ನೂ ಸಪ್ಪಳದ ಮಾತನ್ನೂ ನಾನೇ ಹೇಳಿದೆ. ಅವರು ಮುಖ ಮುಖ ನೋಡಿದರು. ನೋಡಲಿ.

ವ್ಯಾಯಾಮ ಅಂದರೆ ಏನು ಅಂತೀರಿ. ಬೇಕೆಂತಲೇ ತಲೆ ತಿರುಗಿಸಿಕೊಳ್ಳುವುದು. ಯಾವುದರಿಂದ ವಾಂತಿ ಬರುತ್ತದೋ ಅದನ್ನೇ ಮತ್ತೆ ಮತ್ತೆ ಮಾಡುವುದು. ಹೆಬ್ಬೆರಳು ಮುಂದೆ ಹಿಡಿದು, ಕಣ್ಣು ಅದರ ಮೇಲಿಟ್ಟು, ತಲೆ ಮಾತ್ರ ಆಚೀಚೆ ಆಡಿಸುವುದು. ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸಿ ಗೆರೆಯ ಮೇಲೆ ನಡೆಯುವುದು. ರೆಹಮತ್‌ಬಿ ಅಂಗಳದಲ್ಲಿ ಜೋಳದ ಹಿಟ್ಟಿನಿಂದಲೇ ಗೆರೆ ಎಳೆದಳು. ಬೆಳಿಗ್ಗೆ ನಾನು ಅದರ ಮೇಲೆ ತೂರಾಡುತ್ತ ನಡೆದರೆ ಅವಳು ತವೆಯ ಮುಂದಿನಿಂದ ಕೂಗುತ್ತಿದ್ದಳು: "ಕುಡದೀಯೇನೇ? ಎಷ್ಟ್ ಕುಡದಿ? ನನಗೂ ಒಂದೀಟು ಉಳಿಸಬೇಕಿಲ್ಲಾ?" ಓಣಿಯವರೆಲ್ಲ ನಗುತ್ತಿದ್ದರು. ನಗುವವರ ಮುಂದೆ ಬೀಳಬಾರದು ಎಂಬ ಹಟಕ್ಕೇ ಅರ್ಧ ವಾಸಿಯಾದೆ. ಮಿಕ್ಕ ಅರ್ಧ ಡಾಕ್ಟರಮ್ಮನದು. ಅವರು ನನ್ನನ್ನು ಮಂಚದ ಮೇಲೆ ಒಂದು ಮಗ್ಗುಲಿಗೆ ಕೆಡವಿ, ತಲೆ ಹಿಡಿದು ನಿಧಾನಕ್ಕೆ ಹೊರಳಿಸಿ, ಪೆಟ್ಟಿಗೆ ಕಿವಿಯೊಳಗೆ ಜಾರಿದ್ದ, ಸಮತೋಲ ಕಾಯುವ ಸಣ್ಣ ಹರಳುಗಳನ್ನು ಅವುಗಳ ಜಾಗಕ್ಕೆ ಕಳಿಸಿದರು. ಒಂದೇ ಸಲಕ್ಕೆ ಆಗಲಿಲ್ಲ. ಆದರೆ ಆಯಿತು.

ಮಳೆಗಾಲ ಮುಗಿದ ಮೇಲೆ ಮತ್ತೆ ಅವರ ಮುಂದೆ ಚಪ್ಪಲಿ ತೆಗೆದು, ಪಾದ ಕೂಡಿಸಿ, ಕಣ್ಣು ಮುಚ್ಚಿ ನಿಂತೆ. ಒಳಗೆ ಏನೋ ಒಂದು ಸಣ್ಣಗೆ ಅಲುಗಿತು. ನಾನು ಅಲುಗಲಿಲ್ಲ.

"ಕಣ್ಣ ತೆರೀರಿ" ಎಂದರು. ತೆರೆದಾಗ ಅವರು ಸಹಿ ಹಾಕುತ್ತಿದ್ದರು. "ಒಂದು ಮಾತು. ತಲಿ ತಿರುಗಿದ್ರ ಗಾಡಿ ನಿಲ್ಲಿಸಬೇಕು. ನಾಚಿಕಿ ಮಾಡ್ಕೋಬಾರದು."

ಕಲಿಯುವವರ ಲೈಸನ್ಸಿಗೆ ಕಂಪ್ಯೂಟರಿನಲ್ಲಿ ಪರೀಕ್ಷೆ. ರಸ್ತೆಯಲ್ಲಿ ದನಕುರಿ ಅಡ್ಡ ಬಂದರೆ ಏನು ಮಾಡಬೇಕು ಅಂತ ಒಂದು ಪ್ರಶ್ನೆ ಬಂತು ನೋಡಿ! ವೇಗ ತಗ್ಗಿಸಿ, ಬೇಕಾದರೆ ನಿಲ್ಲಿಸುವುದು ಎಂಬುದನ್ನು ಒತ್ತಿದೆ. ದೂರದಲ್ಲೇ ನಿಂತು ಕುರಿಯವನನ್ನು ಕೂಗಿ ಕರೆಯುವುದು ಅಂತಲೂ ಒಂದು ಉತ್ತರ ಇರಬೇಕಿತ್ತು. ಅದನ್ನು ಇನ್ನು ಮೇಲೆ ನಾನೇ ಪಾಲಿಸುತ್ತೇನೆ.

ಹೊಸ ಗಾಡಿ ಬಂತು. ಹಸಿರು ಪಾಟಿಯ ಮೇಲೆ ಬಿಳಿ ನಂಬರು. ಹೆಲ್ಮೆಟ್ಟು ನನ್ನ ತುರುಬಿನ ಮೇಲೆ ಕೂರಲಿಲ್ಲ. ತುರುಬು ಬಿಚ್ಚಿ ಜಡೆ ಹಾಕಿದೆ. ಕಲಿಯುವವರ ಜೊತೆ ಲೈಸನ್ಸ್ ಇದ್ದವರೊಬ್ಬರು ಇರಬೇಕಂತೆ. ಮನೆಯಲ್ಲಿ ಲೈಸನ್ಸ್ ಇರುವವರು ನಮ್ಮ ಮನೆಯವರು ಒಬ್ಬರೇ. ಹೀಗಾಗಿ ಕಲ್ಲೂರಿನ ಬಸ್‌ಸ್ಟ್ಯಾಂಡಿನ ಮುಂದೆ, ಹಗಲು ಹೊತ್ತಿನಲ್ಲಿ, ಮುಂದೆ ಕಲಿಯುವವರ ಕೆಂಪು 'ಎಲ್' ಅಕ್ಷರ ಅಂಟಿಸಿಕೊಂಡ ನಾನು, ಹಿಂದೆ ಹೆಲ್ಮೆಟ್ ಹಾಕಿಕೊಂಡು ಮುಖ ಬಿಗಿದ ಅವರು.

"ಏನ್ ಮಾವಾ, ಹಿಂದಿನ ಸೀಟ್ ಮೆತ್ತಗದನಾ?" ಎಂದು ಪಾನ್‌ಡಬ್ಬಿಯವನು ಕೂಗಿದ.

ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಅವರೇ ಅಂದರು: "ಮೆತ್ತಗದ ಲೇ. ನೀನೂ ನಿನ್ನ ಹೇಣ್ತಿ ಹಿಂದ ಕುಂತು ನೋಡು, ಆಕಿ ಕುಂದರ್ಸಿಕೊಂಡ್ರ."

ಮದುವೆಯಾಗಿ ಇಷ್ಟು ವರ್ಷಕ್ಕೆ ಅವರು ನನ್ನ ಪರವಾಗಿ ನಾಲ್ಕು ಜನರ ಎದುರು ಆಡಿದ ಮೊದಲ ಮಾತು. ನನಗೆ ಬ್ರೇಕು ಹಿಡಿಯುವುದೇ ಮರೆತುಹೋಯಿತು.

ಆರ್.ಟಿ.ಓ. ಮೈದಾನದಲ್ಲಿ ಎಂಟರ ಆಕಾರದಲ್ಲಿ ಓಡಿಸಬೇಕಿತ್ತು. ಪ್ರತಿ ತಿರುವಿನ ಮೊದಲೂ ಇಂಡಿಕೇಟರ್ ಹಾಕಿ, ವ್ಯಾಯಾಮದಲ್ಲಿ ಕಲಿತ ಹಾಗೆ ನಿಧಾನಕ್ಕೆ ತಲೆ ಹೊರಳಿಸಿ ಹಿಂದೆ ನೋಡಿದೆ. ಇನ್‌ಸ್ಪೆಕ್ಟರ್ ಸಾಹೇಬರಿಗೆ ಬೇಸರ ಬಂತು. "ಎಷ್ಟ ಸಲ ನೋಡ್ತೀರಿ ಯವ್ವಾ? ಹಿಂದ ಯಾರೂ ಇಲ್ಲ."

"ಇಲ್ಲ ಅನ್ನೋದು ನೋಡಿದ ಮ್ಯಾಲೇ ಗೊತ್ತಾಗೋದ್ರಿ."

ಅವರು ಪಾಸ್ ಮಾಡಿದರು.

ಪೂರಾ ವಾಸಿಯಾಗಿದ್ದೇನೆ ಅಂತ ಹೇಳಿದರೆ ಸುಳ್ಳಾಗುತ್ತದೆ. ತಿರುಗುವುದು ಆಗೀಗ ಬರುತ್ತದೆ, ಕರೆಯದೆ ಬರುವ ನೆಂಟನ ಹಾಗೆ. ಡಾಕ್ಟರಮ್ಮ ಮುಂಚೆಯೇ ಹೇಳಿದ್ದರು, ಆದ್ದರಿಂದ ಅವರ ಮೇಲೆ ದೂರಿಲ್ಲ. ನನ್ನನ್ನು ಎತ್ತಿದ ಕಂಬಳಿಗೂ, ಹಿಟ್ಟಿನ ಗೆರೆಗೂ, ಪೆನ್ನಿಗೆ ಮುಚ್ಚಳ ಹಾಕಿ ಆಮೇಲೆ ತೆಗೆದ ಕೈಗೂ ನಾನು ಋಣಿ. ಹೆದರಿಸಿದವರಿಗೆ ಋಣಿಯಲ್ಲ. ಅವರ ಬಿಸ್ಕೀಟಿಗೆ ಋಣಿ.

ಮೊನ್ನೆ ಧಾಬಾಕ್ಕೆ ಹೋಗುವಾಗ ದಾರಿಯಲ್ಲಿ ಹಾಗೇ ಆಯಿತು. ಇಂಡಿಕೇಟರ್ ಹಾಕಿ ಎಡಕ್ಕೆ ಸರಿದು, ಸ್ಟ್ಯಾಂಡ್ ಹಾಕಿ, ಜಾಲಿಯ ಗಿಡದ ಒಂದು ಟೊಂಗೆಯ ಮೇಲೆ ಕಣ್ಣು ನೆಟ್ಟು ನಿಂತೆ. ಆಟೋದವನೊಬ್ಬ ನನ್ನ ಮುಂದೆಯೇ ಅಡ್ಡ ತಂದು ನಿಲ್ಲಿಸಿದ.

"ಬ್ಯಾಟರಿ ಹೋತೇನಕ್ಕಾ? ಅದಕ್ಕ ಹೇಳೋದು, ಈ ಗಾಡಿ ನಂಬಬಾರ್ದು ಅಂತ. ಬಾ, ಬುಟ್ಟಿ ನನ್ನ ಆಟೋಕ್ಕ ಹಾಕು, ನಾ ಮುಟ್ಟಿಸ್ತೀನಿ."

"ಬ್ಯಾಟರಿ ಭರ್ತಿ ಅದ. ನನ್ನ ತಲಿ ತಿರುಗಾಕತ್ತದ. ಅದು ನಿಂದ್ರೋಮಟ ನಾ ನಿಂದರ್ತೀನಿ. ನೀ ಹೋಗಪಾ."

ಅವನು ಹೋಗಲಿಲ್ಲ. ತಲೆ ತಿರುಗುವ ಹೆಂಗಸನ್ನು ಗಾಡಿಯ ಜೊತೆ ಬಿಟ್ಟು ಹೋಗುವುದು ಹೇಗೆ ಅಂತ ಯೋಚಿಸುತ್ತ ಬೀಡಿ ಹಚ್ಚಿದ. ನಾನು ಟೊಂಗೆಯನ್ನೇ ನೋಡಿದೆ. ಅದು ಮೂರಾಯಿತು, ಎರಡಾಯಿತು, ಒಂದಾಯಿತು.

ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡೆ. ಬಲಕ್ಕೆ ಇಂಡಿಕೇಟರ್ ಹಾಕಿದೆ. ತಲೆಯನ್ನು ನಿಧಾನಕ್ಕೆ ಹಿಂದಕ್ಕೆ ಹೊರಳಿಸಿದೆ. ರಸ್ತೆ ಇದ್ದಲ್ಲೇ ಇತ್ತು.

"ಸರಿ ತಮ್ಮಾ, ದಾರಿ ಬಿಡು" ಎಂದೆ.